ಒಂಟಿ ದನಿಯ ಚಾನೆಲ್

ಹುಣಸೂರಿನ ನನ್ನ ಮನೆಯ ಹಿಂದಿನ ಸ್ಟುಡಿಯೋಗೆ ಬೀಗ ಹಾಕಿದ ಮೇಲೂ ಹೊಸಬರು ಬರುವುದು ನಿಂತಿಲ್ಲ. ಬಂದವರೆಲ್ಲ ಕೇಳುವುದು ಒಂದೇ: 'ಅಣ್ಣ, ಯಾವ್ದ್ ತಗಳದು? ಹಳೇ ಮಿಕ್ಸರ್ರಾ, ಬರೀ ಕಂಪ್ಯೂಟರ್ ಸಾಕಾ?'

ನಾನು ಕೆಲಸ ಬಿಟ್ಟದ್ದು ವಯಸ್ಸಾಯಿತೆಂದಲ್ಲ. ಒಂದು ದಿನ ತಾಳದ ಕಿಣಿಕಿಣಿ ಬಲಗಿವಿಗೆ ಕೇಳಿತು, ಎಡಗಿವಿಗೆ ಕೇಳಲಿಲ್ಲ. ಹಾಗಾದ ಮೇಲೂ ದನಿಗಳನ್ನು ಬೆರೆಸುವ ಮಿಕ್ಸರ್ ಮುಂದೆ ಕೂರುವವನು ಕಣ್ಣು ಕಾಣದೆ ಬಸ್ಸು ಓಡಿಸುವವನಿದ್ದಂತೆ. ಅವತ್ತೇ ಎದ್ದೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೂ ಈ ಕೆಲಸದಲ್ಲಿ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ತಗ್ಗಿಸುವ ಕಾಲ ಬರುವ ಮುಂಚೆ ಏಳುವುದನ್ನೂ ಕಲಿತಿದ್ದೆ.

ಯಾವುದನ್ನು ಕೊಳ್ಳಬೇಕೆಂದು ನಾನು ಹೇಳಲಾರೆ. ಹಳೆಯದನ್ನೂ ಹೊಸದನ್ನೂ ಜೋಡಿಸಿ ಕೆಲಸ ಮಾಡುವಾಗ ಎದೆ ಎಲ್ಲೆಲ್ಲಿ ಝಲ್ಲೆನ್ನುತ್ತದೆ ಎಂಬುದನ್ನು ಮಾತ್ರ ಹೇಳಬಲ್ಲೆ. ಸರಗೂರಿನ ಚಿಕ್ಕತಾಯಮ್ಮನ ದನಿ ಹೋಗಿಬಿಡಬಹುದು ಎಂದು ಡಾಕ್ಟರು ಹೇಳಿದ ಮೇಲೆ, ಅವರ ಮೊಮ್ಮಗಳ ಮದುವೆಗಾಗಿ ಅದನ್ನು ಹಿಡಿದಿಡಲು ಹೋದೆವಲ್ಲ, ಆ ಕೆಲಸದ ಕಥೆಯನ್ನೇ ಹೇಳುತ್ತೇನೆ. ಅದನ್ನು ಹೇಳುವ ಮುಂಚೆ ಅಲ್ಲಿಗೆ ನಾನು ಯಾವ ದಾರಿಯಲ್ಲಿ ಬಂದೆ ಎಂಬುದನ್ನೂ ಸ್ವಲ್ಪ ಹೇಳಬೇಕು.

ನನಗೆ ಕೆಲಸ ಕಲಿಸಿದವರು ಪಿರಿಯಾಪಟ್ಟಣದಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿದ್ದ ಇಸ್ಮಾಯಿಲ್ ಸಾಬರು. ಮದುವೆ, ನಾಟಕ, ಚುನಾವಣೆ ಎಲ್ಲಕ್ಕೂ ಅವರದೇ ಮೈಕು. ಬಿಡುವಿದ್ದಾಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಕ್ಯಾಸೆಟ್ ರೆಕಾರ್ಡಿಂಗ್. ಟೇಪಿನ ಮಿಷನ್ನಿನಲ್ಲಿ ದನಿಯ ಜೋರು ತೋರಿಸುವ ಮುಳ್ಳೊಂದು ಇರುತ್ತಿತ್ತು, ಅದರ ಓಟದ ಕೊನೆಗೆ ಕೆಂಪು ಪಟ್ಟಿ. ನಾನು ಹೆದರಿ ಕಡಿಮೆ ಇಟ್ಟರೆ ಸಾಬರು ಹಿಂದಿನಿಂದ ತಲೆಗೆ ಮೊಟಕುತ್ತಿದ್ದರು.

'ಅರೇ ಬೇಟಾ, ಮುಳ್ಳು ಕೆಂಪಿಗೆ ಹೋಗಿ ಮುತ್ತು ಕೊಟ್ಟು ಬರ್ಬೇಕು ಕಣೋ! ಇಲ್ಲಾಂದ್ರೆ ಟೇಪು ಸೊಂಯ್ ಅಂತ ನಿದ್ದೆ ಮಾಡ್ತದೆ.'

ಅವರ ಮಾತು ಸುಳ್ಳಲ್ಲ. ಟೇಪಿಗೆ ತನ್ನದೇ ಸೊಂಯ್ ಎನ್ನುವ ಸದ್ದಿತ್ತು. ದನಿಯನ್ನು ಒತ್ತಿ ತುಂಬಿದರೆ ಆ ಸದ್ದು ಮುಚ್ಚಿಹೋಗುತ್ತಿತ್ತು, ದನಿಗೂ ಒಂದು ಬಿಸುಪು ಬರುತ್ತಿತ್ತು. ಹಾಗೆ ಕೆಂಪಿಗೆ ಮುತ್ತು ಕೊಡಿಸುತ್ತಲೇ ನನ್ನ ತಲೆ ನರೆಯಿತು.

ಆಮೇಲೆ ಹುಣಸೂರಿಗೆ ಬಂದು ಸ್ವಂತ ಕೆಲಸ ಶುರು ಮಾಡಿದೆ. ಮನೆಯ ಹಿಂದೆ ನಮ್ಮಪ್ಪ ಹೊಗೆಸೊಪ್ಪು ಬೇಯಿಸುತ್ತಿದ್ದ ಹಳೆಯ ಬ್ಯಾರನ್ ಖಾಲಿ ಬಿದ್ದಿತ್ತು. ದಪ್ಪ ಗೋಡೆ, ಎತ್ತರದ ಮಾಡು, ಕಿಟಕಿ ಇಲ್ಲ. ಸೊಪ್ಪಿನ ಕಾವು ಹೊರಗೆ ಹೋಗದಂತೆ ಕಟ್ಟಿದ ಗೋಡೆ ರಸ್ತೆಯ ಲಾರಿಯ ಸದ್ದನ್ನೂ ಒಳಗೆ ಬಿಡಲಿಲ್ಲ. ಗೋಡೆಗೆ ಗೋಣಿ, ಮೇಲೆ ಹಳೆಯ ಕಂಬಳಿ ಹೊದಿಸಿದೆ. ಮೈಸೂರಿನ ಆರ್ಕೆಸ್ಟ್ರಾದವರು ಮಾರಿದ ದೊಡ್ಡ ಮಿಕ್ಸರನ್ನು ತಂದು ನಡುವೆ ಇಟ್ಟೆ. ನನ್ನ ಹೆಂಡತಿ ಅದನ್ನು ನೋಡಿ, 'ಶವದ ಪೆಟ್ಟಿಗೆ ಇದ್ದಂಗದಲ್ರೀ' ಎಂದಳು. ಇಬ್ಬರು ಹೊರಬೇಕಾದಷ್ಟು ಭಾರವೇನೋ ಹೌದು.

ಕಾಲ ಬದಲಾಗಿ ಕ್ಯಾಸೆಟ್ ಕೇಳುವವರೇ ಇಲ್ಲವಾದಾಗ, ಕಂಪ್ಯೂಟರ್ ಅಂಗಡಿಯ ನವೀನ ಬಂದ. ಕೆಲಸ ಗೊತ್ತಿದ್ದವನು, ಬಾಯಿ ಮಾತ್ರ ಜೋರು. ಮಿಕ್ಸರನ್ನು ಗುಜರಿಗೆ ಹಾಕು ಎಂದ. ನಾನು ಒಪ್ಪಲಿಲ್ಲ. ಕೊನೆಗೆ ರಾಜಿಯಾಯಿತು: ಮೈಕುಗಳೆಲ್ಲ ನನ್ನ ಮಿಕ್ಸರಿಗೆ ಬರುವುದು, ಮಿಕ್ಸರಿನಿಂದ ಅವನು ತಂದ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆಗೆ ಹೋಗುವುದು, ಆ ಪೆಟ್ಟಿಗೆ ದನಿಯನ್ನು ಅಂಕಿಯಾಗಿ ಮಾಡಿ ಕಂಪ್ಯೂಟರಿಗೆ ಕೊಡುವುದು.

ಮೊದಲ ದಿನ ಕೆ.ಆರ್. ನಗರದ ಭಜನೆ ಮೇಳ ಬಂದಿತ್ತು. ನಾನು ಸಾಬರನ್ನು ನೆನೆದು ಮಿಕ್ಸರಿನ ಮುಳ್ಳನ್ನೂ ಕೆಂಪಿಗೆ ಬಿಟ್ಟೆ. ಮೇಳದವರು ಮೈಮರೆತು ಹಾಡಿದರು. ಬೆಳಗಿನಿಂದ ಊಟದ ಹೊತ್ತಿನವರೆಗೆ ಹಾಡಿದ್ದನ್ನು ಕೇಳಿಸಿದಾಗ ಸ್ಪೀಕರಿನಿಂದ ಬಂದದ್ದು ದನಿಯಲ್ಲ, ಒಣ ಸೋಗೆ ಮುರಿದ ಸದ್ದು. ಚರ್ ಚರ್ ಚರ್.

'ಏನಣ್ಣ ಇದು, ಒಗ್ಗರಣೆ ಆಕಿದ್ದೀಯಾ?' ಎಂದ ನವೀನ. 'ನಿನ್ ಟೇಪು ತುಂಬಿದ್ರೆ ಉಬ್ಕೊಳ್ತಿತ್ತು. ಇದು ಉಬ್ಬಕ್ಕಿಲ್ಲ, ತಲೆ ಕುಯ್ದ್ ಬುಡ್ತದೆ. ಇದ್ರಲ್ಲಿ ಸೊನ್ನೆನೇ ಕೊನೇ ಗೆರೆ, ಅದ್ನ ದಾಟಿದ ಮೇಲೆ ಏನೂ ಇಲ್ಲ.'

ಅವನ ಮಾತು ಸರಿಯಿತ್ತು. ಅವತ್ತಿನಿಂದ ನನ್ನ ಲೆಕ್ಕಾಚಾರ ಬದಲಾಯಿತು: ಮಿಕ್ಸರಿನಲ್ಲಿ ದನಿಗೆ ಮೈ ತುಂಬಲಿ, ಕಂಪ್ಯೂಟರಿಗೆ ಹೋಗುವಾಗ ಅದರ ತಲೆಯ ಮೇಲೆ ಧಾರಾಳ ಜಾಗವಿರಲಿ. ಹೊಸಬರು ಇದೊಂದನ್ನು ಗಟ್ಟಿಯಾಗಿ ಹಿಡಿದರೆ ಸಾಕು.

ಇನ್ನೊಂದು ಸಲ ದಂಗಾದದ್ದು ಗುಂಯ್‌ಗುಡುವ ಸದ್ದಿನಿಂದ. ಮಿಕ್ಸರಿಗೂ ಕಂಪ್ಯೂಟರಿಗೂ ಬೇರೆ ಬೇರೆ ಗೋಡೆಯ ಕರೆಂಟು ಕೊಟ್ಟಿದ್ದೆವು, ಜೇನುಗೂಡಿನಂಥ ಸದ್ದು ಬಿಡುತ್ತಲೇ ಇರಲಿಲ್ಲ. ನವೀನ ಜಾಣತನ ಮಾಡಿ ಮಿಕ್ಸರಿನ ಪ್ಲಗ್ಗಿನ ಅರ್ತ್ ಕಡ್ಡಿಯನ್ನೇ ಕಿತ್ತುಹಾಕಿದ. ಸದ್ದು ನಿಂತಿತು, ಅವನು ಬೀಗಿದ. ಮರುದಿನ ಹಾಡಲು ಬಂದ ಮೇಷ್ಟರೊಬ್ಬರು ಮೈಕಿಗೆ ತುಟಿ ತಾಗಿಸಿದ್ದೇ ತಡ, 'ಅಯ್ಯಪ್ಪಾ' ಎಂದು ಹಿಂದಕ್ಕೆ ಹಾರಿ ತಬಲದ ಮೇಲೆ ಬಿದ್ದರು. ಕರೆಂಟು ಹೊಡೆದಿತ್ತು. ಅವರು ಬದುಕಿದ್ದು ಕಾಲಿನ ರಬ್ಬರ್ ಚಪ್ಪಲಿಯಿಂದ. ಅವತ್ತೇ ಬ್ಯಾರನ್ನಿನ ಪಕ್ಕ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಹೊಸ ಅರ್ತ್ ಇಳಿಸಿ ಎಲ್ಲವನ್ನೂ ಒಂದೇ ಬೋರ್ಡಿಗೆ ತಂದೆವು. ಜೇನೂ ಹೋಯಿತು, ಜೀವವೂ ಉಳಿಯಿತು. ಸದ್ದು ನಿಲ್ಲಿಸಲು ಅರ್ತ್ ಕೀಳುವವನನ್ನು ನಾನು ಈ ಕೆಲಸದವನೆಂದು ಒಪ್ಪುವುದಿಲ್ಲ.

ಹೀಗೆ ಬೆಚ್ಚಿ ಬೆಚ್ಚಿ ಕಲಿತು, ಇನ್ನು ಬೆಚ್ಚುವುದೇನೂ ಉಳಿದಿಲ್ಲ ಎಂದುಕೊಂಡಿದ್ದಾಗ ಚಿಕ್ಕತಾಯಮ್ಮ ಬಂದರು.

ಕರೆತಂದವಳು ಅವರ ಮೊಮ್ಮಗಳು ಸಿಂಧು. ಬೀಚನಹಳ್ಳಿ ಹತ್ತಿರದ ರೆಸಾರ್ಟಿನಲ್ಲಿ ಕೆಲಸಕ್ಕಿದ್ದಳು. ಅಜ್ಜಿಯ ಕುತ್ತಿಗೆಯಲ್ಲಿ ನಿಂಬೆಹಣ್ಣಿಗಿಂತ ದೊಡ್ಡ ಗೆಡ್ಡೆ. ಮೈಸೂರಿನಲ್ಲಿ ಆಪರೇಷನ್ ಗೊತ್ತಾಗಿತ್ತು. ಜೀವಕ್ಕೆ ಭಯವಿಲ್ಲ, ದನಿಯ ನರ ಗೆಡ್ಡೆಗೆ ಅಂಟಿಕೊಂಡಿರುವುದರಿಂದ ದನಿಯ ವಿಷಯ ಮಾತ್ರ ಹೇಳಲಾಗದು ಎಂದು ಡಾಕ್ಟರು ಮುಂಚೆಯೇ ಬಿಡಿಸಿ ಹೇಳಿದ್ದರು. ಸಿಂಧುವಿನ ಮದುವೆ ಆಪರೇಷನ್ ಆದ ಮೇಲೆ.

'ಅಂಕಲ್, ನಮ್ಮವ್ವನ ಮದ್ವೆಗೂ ಅಜ್ಜಿನೇ ಸೋಬಾನೆ ಹಾಡಿದ್ದು. ಅಜ್ಜಿ ದನಿ ಇಲ್ದೆ ನಾನ್ ಹಸೆಮಣೆ ಮೇಲೆ ಕೂರಕ್ಕಿಲ್ಲ' ಎಂದಳು. ಹೇಳುತ್ತಲೇ ಅತ್ತಳು.

'ನೋಡಪ್ಪ ಚಲುವ' ಎಂದರು ಚಿಕ್ಕತಾಯಮ್ಮ. ಸರಗೂರಿನ ಎಷ್ಟೋ ಮದುವೆಗಳಿಗೆ ನಾನು ಮೈಕು ಹಾಕಿದ್ದರಿಂದ ಹೆಸರು ಹಿಡಿದೇ ಕರೆಯುತ್ತಿದ್ದರು. 'ಗೆಡ್ಡೆ ನಂದು, ಕುಯ್ಯೋರು ಡಾಕ್ಟ್ರು, ಅಳೋಳು ಇವ್ಳು! ಎಲ್ಲದೆ ನಿನ್ ಯಂತ್ರ, ತೋರ್ಸು.'

ಅವರು ಎತ್ತಿದ ಸಾಲನ್ನು ಹಿಡಿದು ಹಿಂದೆ ಹೇಳುವ ಹೆಂಗಸರೂ ಜೊತೆಗೆ ಬಂದಿದ್ದರು. ಅವರಲ್ಲಿ ಮಾದೇವಮ್ಮ ಎಂಬವರು ಬಾಗಿಲಿಗೆ ಬಂದವರೇ ಮೂಸಿ, 'ಇನ್ನೂ ಒಗೆಸೊಪ್ಪಿನ ಗಮಲು ಒಡೀತದೆ ಕಣ್ರಮ್ಮೀ, ಬೇಯ್ಸಕ್ಕೇ ಕರ್ಸವ್ನೆ ನಮ್ನ' ಎಂದು ಎಲ್ಲರನ್ನೂ ನಗಿಸಿದರು.

ನವೀನನಿಗೂ ನನಗೂ ಒಂದೇ ಯೋಚನೆ. ದನಿ ಮತ್ತೆ ಸಿಗುವಂಥದ್ದಲ್ಲ. ಇನ್ನೊಬ್ಬರ ಕೆಮ್ಮು, ಬಳೆಯ ಸದ್ದು ಒಂದೂ ಸೇರದಂತೆ ಚೊಕ್ಕವಾಗಿ ಹಿಡಿಯಬೇಕು. ಮೊದಲು ಚಿಕ್ಕತಾಯಮ್ಮ ಒಬ್ಬರೇ ಹಾಡಲಿ. ಆಮೇಲೆ ಅದನ್ನು ಕಿವಿಗೆ ಕೇಳಿಸಿ ಉಳಿದವರ ಹಿಂದಾಡು ಹಿಡಿಯೋಣ. ಸಿನಿಮಾದವರೂ ಹಾಗೇ ಮಾಡುವುದು. ಹೆಂಗಸರನ್ನು ಹೊರಗೆ ಹೊಂಗೆ ಮರದ ಕೆಳಗೆ ಕೂರಿಸಿದೆವು. ಚಿಕ್ಕತಾಯಮ್ಮನ ಕಿವಿಗೆ ಹೆಡ್‌ಫೋನ್ ಹಾಕಿ, ಬಾಗಿಲು ಮುಚ್ಚಿ, ನಾನು ಮಿಕ್ಸರಿನ ಮುಂದೆ ಕುಳಿತು ಕೈ ಎತ್ತಿದೆ.

ಹಾಡು ಬರಲಿಲ್ಲ. ಮತ್ತೆ ಕೈ ಎತ್ತಿದೆ. ಅವರು ನನ್ನನ್ನೇ ದಿಟ್ಟಿಸುತ್ತಿದ್ದರು. ಆಮೇಲೆ ನನ್ನ ಕಿವಿಯ ಹೆಡ್‌ಫೋನಿನೊಳಗೆ, ಕೂದಲೆಳೆಯಷ್ಟೂ ಕಲಬೆರಕೆಯಿಲ್ಲದೆ, ಅವರ ದನಿ ಬಂತು:

'ಯಾರ್ಲಾ ಸತ್ತಿರೋದು?'

ನಾನು ಎತ್ತಿದ ಕೈ ಇಳಿಸಿದೆ.

'ಮೊಮ್ಮಗಳ ಮದ್ವೆ ಪದ ಒಂಟಿಯಾಗಿ ಎತ್ತು ಅಂತೀಯಲ್ಲ, ನಿನ್ ಬಾಯ್ಗೆ ಮಣ್ ಆಕ! ನಿಮ್ಮವ್ವ ಓದಾಗ ನಿಮ್ಮತ್ತೆ ಎಂಗ್ ಅತ್ಳು, ಗ್ಯಾಪ್ಕ ಐತಾ?'

ನೆನಪಿರದೆ ಉಂಟೆ? ಅವ್ವನ ತಲೆಯ ಹತ್ತಿರ ಕುಳಿತು ಅತ್ತೆ ಒಬ್ಬಳೇ ರಾಗ ಎತ್ತಿ, ಅವ್ವನ ಗುಣಗಳನ್ನು ಒಂದೊಂದೇ ಹಾಡಿಕೊಂಡು ಅತ್ತಿದ್ದಳು. ನಮ್ಮ ಕಡೆ ಸೋಬಾನೆಯನ್ನು ಒಬ್ಬಳು ಎತ್ತಿಕೊಡುತ್ತಾಳೆ, ಉಳಿದವರು ಹಿಡಿದುಕೊಳ್ಳುತ್ತಾರೆ. ಹೆಂಗಸೊಬ್ಬಳು ಹಿಡಿಯುವವರಿಲ್ಲದೆ ಒಂಟಿಯಾಗಿ ರಾಗ ಎತ್ತಿದಳೆಂದರೆ ಆ ಮನೆಯಲ್ಲಿ ಹೆಣ ಮಲಗಿದೆ ಎಂದೇ ಅರ್ಥ. ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ, ಮಿಕ್ಸರಿನ ಮುಂದೆ ಕುಳಿತವನ ತಲೆಗೆ ಬಂದಿರಲಿಲ್ಲ.

ಅಷ್ಟರಲ್ಲಿ ಅವರು ಹೆಡ್‌ಫೋನ್ ಕಿತ್ತು ಕಂಬಳಿಯ ಮೇಲೆ ಎಸೆದು ಗೇಟಿನವರೆಗೆ ಹೋಗಿಯಾಗಿತ್ತು. ಸಿಂಧು ಅವರ ಸೆರಗು ಹಿಡಿದು ನಿಂತಿದ್ದಳು. ಆಪರೇಷನ್ನಿಗೆ ಹೆಚ್ಚು ದಿನ ಇರಲಿಲ್ಲ.

ನಾನು ಓಡಿಹೋಗಿ, 'ಅಕ್ಕ, ತೆಪ್ಪಾಯ್ತು. ಎಲ್ರೂ ಒಳೀಕ್ ಬನ್ನಿ. ನಿಮ್ಮಟ್ಟೀಲಿ ಎಂಗ್ ಕೂರ್ತೀರೋ ಅಂಗೇ ಕುಂತು ಹಾಡಿ' ಎಂದೆ.

ನವೀನ ಗೊಣಗಿದ: 'ಒಬ್ರು ಮೈಕಿಗೆ ಒಬ್ರು ದನಿ ಬೀಳ್ತದಣ್ಣ.'

'ಬೀಳ್ಲಿ ಬುಡ್ಲಾ. ಮೈಕಿನ ಬೆನ್ನಿಗೆ ಕಿವಿ ಕೇಳಕ್ಕಿಲ್ಲ, ಅದ್ನ ನೋಡ್ಕೊಂಡು ಕೂರ್ಸಾನ.'

ಚಾಪೆ ಹಾಸಿದೆವು. ಚಿಕ್ಕತಾಯಮ್ಮ ಒಂದು ಕಡೆ, ಉಳಿದವರು ಎದುರಿಗೆ. ಅವರ ಮೈಕಿನ ಬೆನ್ನು ಇವರಿಗೆ, ಇವರ ಮೈಕಿನ ಬೆನ್ನು ಅವರಿಗೆ. ಮಿಕ್ಸರಿನ ಹಿಂಬದಿಯಲ್ಲಿ ಪ್ರತಿ ಚಾನೆಲ್ಲಿಗೂ ಒಂದು ತೂತಿರುತ್ತದೆ. ಅಲ್ಲಿಂದ ಒಂದೊಂದು ವೈರು ಇಂಟರ್‌ಫೇಸಿಗೆ. ಕುಳಿತವರು ಒಟ್ಟಿಗೆ, ಒಳಗೆ ಹೋಗುವ ದಾರಿ ಬೇರೆ ಬೇರೆ. ಹೆಡ್‌ಫೋನ್ ಯಾರಿಗೂ ಬೇಡವೆಂದೆ. ಕಂಪ್ಯೂಟರ್ ಸುತ್ತಿ ಬಂದ ದನಿ ಕಿವಿಗೆ ಒಂದು ಎಳೆ ತಡವಾಗಿ ಬೀಳುತ್ತದೆ. ತನ್ನ ದನಿಯೇ ತನ್ನ ಹಿಂದೆ ಬರುವುದನ್ನು ಕೇಳಿ ಹಾಡು ಮರೆತವರನ್ನು ನಾನು ಬೇಕಾದಷ್ಟು ನೋಡಿದ್ದೆ.

ಚಿಕ್ಕತಾಯಮ್ಮ ಕಣ್ಣು ಮುಚ್ಚಿ ಎತ್ತಿದರು:

'ಕಪಿನಿಯ ದಾಟಿ ಬಂದಾನೆ ಗಂಡು, ಕಾಲ್ಗೆ ಕೆಸರಂಟಿ ನಿಂತಾನೆ...'

'ನಿಂತಾನೆ ಬಾಗ್ಲಲ್ಲಿ, ಸೋಬಾನೆ' ಎಂದು ಎದುರಿನವರು ಹಿಡಿದರು.

ಗೆಡ್ಡೆಯನ್ನು ಸೀಳಿಕೊಂಡು ಬಂದಂತಿತ್ತು ಆ ದನಿ. ಮುಳ್ಳು ಒಮ್ಮೆಲೇ ಎದ್ದು ನಿಂತಿತು. ತಲೆಯ ಮೇಲೆ ಜಾಗ ಬಿಟ್ಟಿದ್ದರಿಂದ ಬಚಾವಾದೆವು.

ಪದ ಮುಗಿದ ಮೇಲೆ ಹೆಂಗಸರು ಎಲೆ ಅಡಿಕೆ ತೆಗೆದರು. ನವೀನ ಪರೀಕ್ಷೆಗೆಂದು ಚಿಕ್ಕತಾಯಮ್ಮನ ಚಾನೆಲ್ ಒಂದನ್ನೇ ಬಿಟ್ಟು ಉಳಿದವನ್ನೆಲ್ಲ ಮುಚ್ಚಿ, ಸ್ಪೀಕರಿಗೆ ಹಾಕಿಬಿಟ್ಟ. ಅವರು ಹಾಡುವಾಗ ಇವರು ಸುಮ್ಮನೆ, ಇವರು ಹಾಡುವಾಗ ಅವರು ಸುಮ್ಮನೆ ಇದ್ದುದರಿಂದ ಬೇರೆಯವರ ದನಿ ಸೋರಿದ್ದು ಸಾಲುಗಳ ಸಂದಿಯಲ್ಲಿ ಮಾತ್ರ. ಅದನ್ನೂ ಅವನು ಕತ್ತರಿಸಿದ್ದ. ಬ್ಯಾರನ್ನಿನ ತುಂಬ ಒಂದೇ ದನಿ, ನಡುನಡುವೆ ಬರೀ ಮೌನ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈಗಳು ಹಾಗೇ ನಿಂತವು.

'ಎಲ್ರ ಜೊತೇಲಿ ಕುಂತು ಹಾಡುದ್ನಲ್ಲೋ' ಎಂದರು ಚಿಕ್ಕತಾಯಮ್ಮ. ಅವರ ಮುಖ ಬಿಳಿಚಿಹೋಗಿತ್ತು. 'ಇದ್ಯಾಕ್ಲಾ ನನ್ನ ಒಂಟಿ ಮಾಡ್ಬುಡ್ತು?'

ನವೀನ ತಡಬಡಿಸಿ ನಿಲ್ಲಿಸಿದ. ನನ್ನ ಕೈಯಿಂದ ಆದ ಕೆಲಸದ ಚೊಕ್ಕತನಕ್ಕೆ ಹೆಮ್ಮೆಪಡಬೇಕಾದ ಗಳಿಗೆಯಲ್ಲಿ ನನಗೇ ಹೆದರಿಕೆಯಾಯಿತು.

'ಆಣೆ ಮಾಡು ಚಲುವ. ನನ್ ದನೀನ ಎಲ್ಲೂ ಇಂಗ್ ಒಂಟಿ ಬುಡಬ್ಯಾಡ.'

ಆಣೆ ಮಾಡಿದೆ. ಮದುವೆಯಲ್ಲಿ ಎಲ್ಲರ ದನಿಯನ್ನೂ ಸೇರಿಸಿಯೇ ಹಾಕುತ್ತೇನೆ ಎಂದೆ. ಅದಕ್ಕೆ ಮಾದೇವಮ್ಮ ಸುಮ್ಮನಿರಲಿಲ್ಲ.

'ನಾವೇನ್ ಸತ್ತೋಗಿದ್ದೀವಾ? ಎದ್ರುಗೇ ಕುಂತಿರ್ತೀವಿ, ನಮ್ ಬಾಯ್ನೂ ಯಂತ್ರದಲ್ಲಿ ಆಡುಸ್ತೀಯಾ? ಅಕ್ಕನ್ ದನಿ ನೀ ಬುಡು, ಇಂದೆ ನಾವ್ ಯೋಳ್ತೀವಿ. ಆಗ ಒಂಟಿ ಎಂಗಾಯ್ತದೆ?'

ಚಿಕ್ಕತಾಯಮ್ಮ ಹೂಂ ಎಂದು ತಲೆಯಾಡಿಸಿದರು. ಹಾಗೆಂದೇ ನಿಶ್ಚಯವಾಯಿತು.

ಆಪರೇಷನ್ ಆಯಿತು. ಜೀವ ಗಟ್ಟಿಯಾಗಿ ಮನೆಗೆ ಬಂದರು. ಡಾಕ್ಟರು ಹೇಳಿದ್ದಂತೆಯೇ ದನಿ ಬರಲಿಲ್ಲ. ಬಾಯಿ ಆಡುತ್ತಿತ್ತು, ಗಾಳಿ ಮಾತ್ರ ಹೊರಬರುತ್ತಿತ್ತು. ನಾಚಿಕೆಯೋ ಸಿಟ್ಟೋ, ಮನೆಯವರೊಡನೆಯೂ ಸನ್ನೆಯಲ್ಲೇ ಮಾತು ಎಂದು ಸಿಂಧು ಫೋನಿನಲ್ಲಿ ಹೇಳಿದಳು.

ಮದುವೆ ಸರಗೂರಿನ ಸಮುದಾಯ ಭವನದಲ್ಲಿ. ಬೆಳಿಗ್ಗೆಯೇ ದೊಡ್ಡ ಮಿಕ್ಸರನ್ನು ಹೊತ್ತುಕೊಂಡು ಹೋದೆವು. ನವೀನ ಲ್ಯಾಪ್‌ಟಾಪಿನ ಮುಂದೆ. ನನ್ನ ಮುಂದೆ ದನಿ ಏರಿಸಿ ಇಳಿಸುವ ಎರಡು ಫೇಡರ್: ಒಂದರಲ್ಲಿ ಚಿಕ್ಕತಾಯಮ್ಮನ ದನಿ, ಇನ್ನೊಂದರಲ್ಲಿ ಅವತ್ತಿನ ಹಿಂದಾಡು. ಎರಡನೆಯದನ್ನು ಪೂರ್ತಿ ಕೆಳಗಿಳಿಸಿ ಇಟ್ಟುಕೊಂಡೆ. ಯಾರಾದರೂ ಸಾಲು ಮರೆತರೆ ಮೆಲ್ಲಗೆ ಎತ್ತಬಹುದು, ಅಷ್ಟಕ್ಕೆ.

ಸಿಂಧು ಹಸೆಮಣೆಗೆ ಬಂದಳು. ಚಿಕ್ಕತಾಯಮ್ಮ ಕುತ್ತಿಗೆಗೆ ಸೆರಗು ಸುತ್ತಿಕೊಂಡು ಹೆಂಗಸರ ನಡುವೆ ಕುಳಿತಿದ್ದರು. ನಾನು ತಲೆಯಾಡಿಸಿದೆ, ನವೀನ ಗುಂಡಿ ಒತ್ತಿದ.

'ಕಪಿನಿಯ ದಾಟಿ ಬಂದಾನೆ ಗಂಡು, ಕಾಲ್ಗೆ ಕೆಸರಂಟಿ ನಿಂತಾನೆ...'

ಭವನ ನಡುಗುವಂಥ ದನಿ. ಅಷ್ಟು ದನಿ ಮೇಲಿನ ಸ್ಪೀಕರಿನಿಂದ ಬರುತ್ತಿದೆ, ದನಿಯ ಒಡತಿ ಎದುರಿಗೆ ಬಾಯಿ ಮುಚ್ಚಿ ಕುಳಿತಿದ್ದಾರೆ. ಹಿಂದೆ ಹೇಳಬೇಕಾದ ಹೆಂಗಸರು ಸ್ಪೀಕರನ್ನು ನೋಡಿದರು, ಅವರನ್ನು ನೋಡಿದರು. ಮಾದೇವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದರು. ಒಬ್ಬರ ಬಾಯಿಂದಲೂ ಹಿಂದಾಡು ಹೊರಡಲಿಲ್ಲ.

ಕಂಪ್ಯೂಟರ್ ಯಾರಿಗೂ ಕಾಯುವುದಿಲ್ಲ. ಹಿಂದಾಡಿಗೆ ಬಿಟ್ಟ ಜಾಗ ಬರಿದಾಗಿ ಕಳೆಯಿತು. ಎರಡನೆಯ ಸಾಲು ಒಂಟಿಯಾಗಿ ಬಂತು.

'ಅಯ್ಯೋ ಶಿವನೇ' ಎಂದರು ಗಂಡಿನ ಕಡೆಯ ಅಜ್ಜಿಯೊಬ್ಬರು ಎಲ್ಲರಿಗೂ ಕೇಳುವಂತೆ. 'ಮದ್ವೆ ಮನೇಲಿ ಒಂಟಿ ರಾಗ ಎತ್ತಿದ್ಯಾರು?'

ಹಸೆಯ ಮೇಲಿದ್ದ ಸಿಂಧುವಿನ ಮುಖ ಇಳಿದುಹೋಯಿತು. ನವೀನ ನನ್ನ ಪಕ್ಕೆ ತಿವಿದು, 'ಎತ್ತಣ್ಣ, ಎರಡನೇದ್ ಎತ್ತು' ಎಂದ. ಬೆರಳು ಫೇಡರಿನ ಮೇಲೇ ಇತ್ತು. ಎತ್ತಿದರೆ ಪೆಟ್ಟಿಗೆ ಹಾಡುತ್ತದೆ, ಪೆಟ್ಟಿಗೆಯೇ ಹಿಂದೆ ಹೇಳುತ್ತದೆ, ಇಷ್ಟು ಜನ ಬದುಕಿರುವವರು ಕುಳಿತು ನೋಡುತ್ತಾರೆ. ನಿಲ್ಲಿಸಿದರೆ ಆ ದನಿಯ ಕತ್ತನ್ನು ಹಸೆಯ ಎದುರಿಗೇ ಹಿಚುಕಿದಂತೆ. ನನ್ನ ಆಣೆ ಕಣ್ಣೆದುರೇ ಮುರಿಯುತ್ತಿತ್ತು. ಜೀವಮಾನವೆಲ್ಲ ಮಾಡಿದ ಕೆಲಸ, ಬೆರಳು ಮರಗಟ್ಟಿಹೋಗಿತ್ತು.

ಎರಡನೆಯ ಸಾಲು ಮುಗಿಯಿತು. ಮತ್ತೆ ಆ ಖಾಲಿ ಜಾಗ.

ಆ ಮೌನದಲ್ಲಿ ಒಂದು ಸದ್ದು ಬಂತು. ಒಣಗಿದ ಎಲೆಯನ್ನು ನೆಲದ ಮೇಲೆ ಎಳೆದಂತಿತ್ತು. ಮೊದಲು ವೈರು ಎಲ್ಲೋ ಸಡಿಲವಾಗಿದೆ ಎಂದುಕೊಂಡೆ. ಆಮೇಲೆ ಜನ ತಿರುಗಿದ ಕಡೆ ನೋಡಿದೆ. ಚಿಕ್ಕತಾಯಮ್ಮನ ಬಾಯಿ ಆಡುತ್ತಿತ್ತು.

'...ನಿಂತಾನೆ... ಬಾಗ್ಲಲ್ಲಿ... ಸೋಬಾನೆ...'

ಅದು ಮೊದಲ ಸಾಲಿನ ಹಿಂದಾಡು. ಒಂದು ಸಾಲು ಹಿಂದೆ ಬಿದ್ದಿದ್ದರು. ಬದುಕಿನಲ್ಲಿ ಎತ್ತಿಕೊಟ್ಟೇ ಗೊತ್ತಿದ್ದವರು, ಇನ್ನೊಬ್ಬರ ಹಿಂದೆ ಹೇಳಿದವರೇ ಅಲ್ಲ. ಮೂರನೆಯ ಸಾಲು ಗುಡುಗಿ ಬಂತು. ಅವರು ಕೈಯಿಂದ ಮಾದೇವಮ್ಮನ ತೊಡೆಗೆ ಪಟಾರನೆ ಹೊಡೆದು, ಸ್ಪೀಕರಿನ ಕಡೆ ಕಣ್ಣು ನೆಟ್ಟು, ಸಾಲು ಮುಗಿಯುವುದನ್ನೇ ಕಾದು ಹಿಡಿದರು. ಈ ಸಲ ಸರಿಯಾಗಿ ಬಿತ್ತು. ಮಾದೇವಮ್ಮ ಅಳುತ್ತಲೇ ಸೇರಿದರು. ಆಮೇಲೆ ಪಕ್ಕದವರು, ಹಿಂದಿನವರು. ನಾಲ್ಕನೆಯ ಸಾಲಿಗೆ ಗಂಡಿನ ಕಡೆಯ ಆ ಅಜ್ಜಿಯೂ ಹಿಡಿದುಕೊಂಡಿದ್ದರು. ಅಷ್ಟು ಜನರ ನಡುವೆ ಆ ಒಣ ದನಿ ನನಗೆ ಕೇಳಲಿಲ್ಲ, ಬಾಯಿ ಆಡುವುದಷ್ಟೇ ಕಾಣುತ್ತಿತ್ತು.

ಪದ ಮುಗಿದ ಮೇಲೆ ಧಾರೆಗೆ ಜನ ಎದ್ದರು. ಚಿಕ್ಕತಾಯಮ್ಮ ಏದುಸಿರು ಬಿಡುತ್ತ ಮಿಕ್ಸರಿನ ಹತ್ತಿರ ಬಂದರು. ಬೈಗುಳಕ್ಕೆ ಸಿದ್ಧನಾಗಿ ಎದ್ದು ನಿಂತೆ. ಬಗ್ಗು ಎಂದು ಸನ್ನೆ ಮಾಡಿದರು. ಸ್ಪೀಕರಿನ ಕಡೆ ಬೆರಳು ತೋರಿಸಿ, ನನ್ನ ಬಲಗಿವಿಗೆ ಬಾಯಿ ಹಚ್ಚಿ, ಆಪರೇಷನ್ ಆದ ಮೇಲೆ ಮೊದಲ ಸಲ ಒಂದು ಪೂರ್ತಿ ಮಾತು ಆಡಿದರು:

'ಯಾರ್ಲಾ ಚಲುವ ಆ ಮುಂಡೆ, ಇಂದೆ ಯೋಳೋರ್ಗೆ ಒಂದ್ ಉಸ್ರು ತಗಳಾಕೂ ಬುಡಕ್ಕಿಲ್ಲವಲ್ಲ!'

ನನ್ನ ಬೆರಳು ಇನ್ನೂ ಎರಡನೆಯ ಫೇಡರಿನ ಮೇಲೇ ಇತ್ತು. ಅದನ್ನು ನಾನು ಎತ್ತಿರಲಿಲ್ಲ.